ಇನ್ನೊಂದು ಚಮಚ ಚಿಲಿ

ಸೆಪ್ಟೆಂಬರ್ 3, ಮಂಗಳವಾರ

ಬೆಳಿಗ್ಗೆ ಕಾಳು ಆರಿಸಿದೆ, ಕಲ್ಲು ತೆಗೆದೆ, ಒಲೆಗಿಟ್ಟೆ. ಪಿಂಟೋ ಕಾಳು ಬೇಯದೆ ಈ ಮನೆಯಲ್ಲಿ ಹೊತ್ತು ಮುಳುಗುವುದಿಲ್ಲ. ಅಮ್ಮನ ನೀಲಿ ಎನಾಮಲ್ ಮಗ್ಗು ಕಾಳಿನ ಡಬ್ಬಿಯಲ್ಲೇ ವಾಸ — ಮೊಗೆಯಲಿಕ್ಕೆ ನನಗೆ ಅದೇ ಆಗಬೇಕು. ಆಮೇಲೆ ನನ್ನ ಗಂಡ ಲಿಯಾಂಡ್ರೊನ ಅಂಗಿಗೆ ಗುಂಡಿ ಹಾಕಿಕೊಟ್ಟೆ. ಬಲಗೈಗೆ ಪ್ಲಾಸ್ಟರ್. ಛಾವಣಿ ಹತ್ತಬೇಡ ಅಂದಿದ್ದೆ. ಹತ್ತಿದ. ಬಿದ್ದ. ಈ ಗಂಡಸರಿಗೆ ಏಣಿ ಕಂಡರೆ ಸಾಕು.

ಈ ವರ್ಷದ ಚಿಲಿ ಸ್ಪರ್ಧೆಯಲ್ಲಿ ಅವನಿಲ್ಲ, ಮಾಂಸಕ್ಕೆ ಮೆಣಸಿನಕಾಯಿ ಹಾಕಿ ಗಟ್ಟಿ ಸಾರು ಕುದಿಸುವವರ ಸಾಲಿನಲ್ಲಿ ಅವನ ಒಲೆ ಇಲ್ಲ. ಮದುವೆಯಾದಾಗಿನಿಂದ ಮೊದಲ ಸಲ. ಮುಖ ಗಂಟು ಹಾಕಿಕೊಂಡು ವರಾಂಡದಲ್ಲಿ ಕೂತಿದ್ದಾನೆ. ನಾಯಿ ಕೂಡ ಹತ್ತಿರ ಹೋಗುತ್ತಿಲ್ಲ.

ಮಧ್ಯಾಹ್ನ ಹಾರ್ಲನ್‌ನ ಫೋನ್. ಸ್ಪರ್ಧೆ ನಡೆಸುವವನು ಅವನೇ. ದನಿ ಎಷ್ಟು ದೊಡ್ಡದೆಂದರೆ ಅಡುಗೆಮನೆಗೇ ಕೇಳಿಸಿತು. "ಕೈ ಮುರಿದ್ರೇನಾಯ್ತೋ, ನಾಲಿಗೆ ನೆಟ್ಟಗಿದೆಯಲ್ಲ. ಜಡ್ಜ್ ಆಗಿ ಬಾ."

ಒಪ್ಪಿಕೊಂಡ. ಫೋನ್ ಇಟ್ಟ ಮೇಲೆ ನನಗೊಂದು ಯೋಚನೆ ಬಂತು. ಬರೆಯಲೂ ಭಯ.

ಸೆಪ್ಟೆಂಬರ್ 4, ಬುಧವಾರ

ಬರೆದೇ ಬಿಡುತ್ತೇನೆ. ಅವನ ಒಲೆ ಖಾಲಿ, ಅವನ ಪಾತ್ರೆ ಖಾಲಿ. ಇಷ್ಟು ವರ್ಷ ಅವನಿಗೆ ಮಾಂಸ ಹೆಚ್ಚಿ ಕೊಟ್ಟವಳು ನಾನು. ಪಾತ್ರೆ ತಿಕ್ಕಿದವಳು ನಾನು. ಈ ಸಲ ನಾನೇ ಯಾಕೆ...

ಅವನದು ಪುಡಿಯ ಚಿಲಿ. ಡಬ್ಬಿಯ ಖಾರದ ಪುಡಿಗಳು, ಪುಟ್ಟ ಪುಟ್ಟ ಪೊಟ್ಟಣ, ಗಡಿಯಾರ ನೋಡಿಕೊಂಡು ಒಂದೊಂದೇ ಮಾಂಸಕ್ಕೆ ಸುರಿಯುವುದು. ನನ್ನಮ್ಮನದು ಇಡೀ ಒಣಮೆಣಸಿನಕಾಯಿಯ ಚಿಲಿ. ತೊಟ್ಟು ಮುರಿದು, ಬೀಜ ಉದುರಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬಿಸಿನೀರಲ್ಲಿ ನೆನೆಸಿ, ರುಬ್ಬಿ, ಸೋಸಿ. ಮದುವೆಯ ಹೊಸತರಲ್ಲಿ ಮಾಡುತ್ತೇನೆ ಅಂದಿದ್ದೆ. "ಇಡೀ ಕಾಯಿ ಕಹಿ ಬರುತ್ತೆ, ಸಿಪ್ಪೆ ಹಲ್ಲಿಗೆ ಸಿಗುತ್ತೆ, ಬಿಡೇ ಮುದುಕಿ" ಅಂದ. ಆಗ ನನಗೆ ಇಪ್ಪತ್ತೆರಡು. ಮುದುಕಿಯಂತೆ. ಬಾಯಿಗಿಡದೆಯೇ ತೀರ್ಪು ಕೊಟ್ಟ. ಇವತ್ತಿಗೂ ಬಾಯಿಗಿಟ್ಟಿಲ್ಲ.

ಸ್ಪರ್ಧೆಯಲ್ಲಿ ಬಟ್ಟಲಿಗೆ ಹೆಸರಿರುವುದಿಲ್ಲ. ಮುಚ್ಚಿದ ಚೀಟಿಯಲ್ಲಿ ನಂಬರು ಮಾತ್ರ, ಚೀಟಿಯ ಇನ್ನರ್ಧ ಅಡುಗೆ ಮಾಡಿದವರ ಕೈಲಿ. ಜಡ್ಜ್‌ಗಳು ಒಂದೊಂದು ಬಟ್ಟಲಿನಿಂದ ಒಂದೊಂದೇ ಚಮಚ ತಿಂದು ಮುಂದೆ ಹೋಗುತ್ತಾರೆ. ಯಾರದ್ದೆಂದು ಗೊತ್ತಿಲ್ಲದೆ ಅವನು ನನ್ನದನ್ನು ತಿನ್ನಬೇಕು. ತಿಂದು, ಇನ್ನೊಂದು ಚಮಚ ತೆಗೆದುಕೊಳ್ಳಬೇಕು. ಅಷ್ಟೇ. ಬೇರೇನೂ ಬೇಡ.

ಸುಳ್ಳು. ಗೆದ್ದವರಿಗೆ ಕೊಡುವ ಫಲಕವೂ ಬೇಕು.

ಸೆಪ್ಟೆಂಬರ್ 8, ಭಾನುವಾರ

ಚರ್ಚ್ ಮುಗಿದ ಮೇಲೆ ಬೆನೀಟಾಗೆ ಹೇಳಿದೆ. ಚಿಕ್ಕಮ್ಮನ ಮಗಳು, ನಮ್ಮ ಮನೆಯ ಎದುರು, ನಾಣ್ಯ ಹಾಕಿ ತಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿ ನಡೆಸುತ್ತಾಳೆ. ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆಯುತ್ತಿತ್ತು. ನಕ್ಕಳು.

"ಅವನ ಬಾಯಿಂದ ಹೊಗಳಿಕೆ ಬರುತ್ತೆ ಅಂತ ಕಾಯ್ತಿದ್ದೀಯಾ ಅಕ್ಕಾ? ನನ್ನ ಹಳೇ ಡ್ರೈಯರ್ ಬಟ್ಟೆ ಒಣಗಿಸುತ್ತೆ ಅಂತ ಕಾದ ಹಾಗೇ."

"ನಿನ್ನ ಹಿಂದಿನ ಕೋಣೆ ಕೊಡ್ತೀಯೋ ಇಲ್ವೋ? ಮನೇಲಿ ಮಾಡಿದ್ರೆ ಅವನಿಗೆ ವಾಸನೆ ಹತ್ತುತ್ತೆ."

"ಕೊಡದೆ ಏನು. ಒಂದು ಕಾಳಿಗೋಸ್ಕರ ಊರೆದುರು ನನ್ನ ಮಾನ ತೆಗೆದೋನು ಅವನು. ನೀನು ಗೆಲ್ಲು. ಅವನ ಮುಖ ನೋಡ್ಬೇಕು ನಾನು."

ಮರೆತಿಲ್ಲ ಅವಳು. ಟೆಕ್ಸಸ್‌ನಲ್ಲಿ ಚಿಲಿಗೆ ಕಾಳು ಬಿತ್ತೆಂದರೆ ಅದು ಚಿಲಿಯೇ ಅಲ್ಲ, ಸ್ಪರ್ಧೆಯಲ್ಲಂತೂ ಪಾತ್ರೆಯನ್ನೇ ಆಚೆ ಇಡುತ್ತಾರೆ. ಬೆನೀಟಾಳ ಪಾತ್ರೆಯಲ್ಲಿ ಒಂದೇ ಒಂದು ಕಾಳು ತೇಲಿತ್ತು. ಪಕ್ಕದ ಒಲೆಯವನು ಲಿಯಾಂಡ್ರೊ. ಚಮಚದಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು, ಮೈದಾನದ ಈ ತುದಿಯಿಂದ ಆ ತುದಿಗೆ ಹಾರ್ಲನ್ ಹತ್ತಿರ ನಡೆದುಕೊಂಡು ಹೋದ. ಅವಳು ಎಷ್ಟೋ ತಿಂಗಳು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಮೊದಲ ಪ್ರಯತ್ನ. ಹಾಳು.

ಆಂಚೋ ಮೆಣಸಿನಕಾಯಿ — ಅಗಲಕ್ಕೆ, ಕಪ್ಪಗೆ, ಮುದುಡಿಕೊಂಡಿರುತ್ತದಲ್ಲ, ಅದು — ಬಾಣಲೆಗೆ ಹಾಕಿ ಬೆನೀಟಾ ಜತೆ ಮಾತಿಗೆ ನಿಂತೆ. ಅಷ್ಟರಲ್ಲಿ ಘಾಟು. ಕೋಣೆ ತುಂಬಿ, ಬಾಗಿಲ ಸಂದಿಯಿಂದ ಮುಂದಕ್ಕೂ ನುಗ್ಗಿತು. ಬಟ್ಟೆ ಒಗೆಯಲು ಬಂದವರೆಲ್ಲ ಕೆಮ್ಮುತ್ತಾ ರಸ್ತೆಗೆ. ಲಿಯಾಂಡ್ರೊ ಮಧ್ಯಾಹ್ನದ ನಿದ್ದೆಯಲ್ಲಿದ್ದ, ಪುಣ್ಯ. ಪಾಪ, ಒಬ್ಬ ಗಂಡಸು ಒದ್ದೆ ಪ್ಯಾಂಟು ಕೈಯಲ್ಲಿ ಹಿಡಿದುಕೊಂಡೇ ಓಡಿದ, ಒಳಚಡ್ಡಿಯಲ್ಲಿ. ಬೆನೀಟಾ ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ರುಬ್ಬಿ ನೋಡಿದರೆ ಕಹಿ. ಅವನು ಹೇಳಿದ್ದೇ ನಿಜವೇ?

ಇಲ್ಲ. ಎರಡನೇ ಸಲ ಬಾಯಿ ಮುಚ್ಚಿಕೊಂಡು ಬಾಣಲೆ ಮುಂದೆಯೇ ನಿಂತೆ. ಮೆತ್ತಗಾಗಿ ಪರಿಮಳ ಬಂದ ತಕ್ಷಣ ಇಳಿಸಿದೆ. ಅಮ್ಮ ಹಾಗೇ ಮಾಡುತ್ತಿದ್ದಳು, ಮೂಗಿನಿಂದ. ನೆನೆಸಿ ರುಬ್ಬಿ ಸೋಸಿದರೆ ಆ ಬಣ್ಣ... ಮಾಂಸದ ಜತೆ ಕುದಿಸಿದ ಮೇಲೆ ಬೆನೀಟಾ ಒಂದು ತುತ್ತು ತಿಂದಳು. ಬಟ್ಟಲು ಮುಂದೆ ಚಾಚಿದಳು ಅಷ್ಟೇ.

ಮನೆಗೆ ಬಂದರೆ ಲಿಯಾಂಡ್ರೊ, "ಕಣ್ಣು ಯಾಕೆ ಕೆಂಪಗಿದೆ?"

"ಬೆನೀಟಾ ಜತೆ ಜಗಳ."

"ಒಳ್ಳೇದಾಯ್ತು."

ಸೆಪ್ಟೆಂಬರ್ 20, ಶುಕ್ರವಾರ

ಎಂಟು ದಿನ ಬರೆದಿಲ್ಲ. ಕೈ ಬಿಡುವಿರಲಿಲ್ಲ. ಲಾಂಡ್ರಿಯ ಗಿರಾಕಿಗಳೆಲ್ಲ ಈಗ ಚಮಚ ಹಿಡಿದುಕೊಂಡೇ ಬರುತ್ತಿದ್ದಾರೆ. ಹಾರ್ಲನ್ ಇಲ್ಲದ ಹೊತ್ತು ನೋಡಿ ಹೆಸರು ನೋಂದಾಯಿಸಿದೆ — ಯೂಲಾಲಿಯಾ ಬಾಯೆಸಾ. ಕಾಗದದ ಮೇಲೆ ನನ್ನ ಹೆಸರು ಒಂಟಿಯಾಗಿ ನಿಂತಿದ್ದು ನೋಡಿ ಖುಷಿಯಾಯಿತು.

ಸಂಜೆ ಸಾಮಾನು ಕಟ್ಟಿದೆ. ಮಾಂಸ, ಮೂರು ಬಗೆಯ ಮೆಣಸಿನಕಾಯಿ, ಬೆಳ್ಳುಳ್ಳಿ, ಮಿಕ್ಸಿ. ಅಮ್ಮನ ಮಗ್ಗು ಜತೆಗಿದ್ದರೆ ಅಮ್ಮ ಇದ್ದ ಹಾಗೆ. ಡಬ್ಬಿಯಿಂದ ತೆಗೆದು, ಹುರಿದು ಪುಡಿ ಮಾಡಿದ ಜೀರಿಗೆ, ಉಪ್ಪು, ಕಡೆಯಲ್ಲಿ ಹಾಕುವ ಖಾರ ಎಲ್ಲ ಅದಕ್ಕೇ ತುಂಬಿ ಮೇಲೆ ಬಟ್ಟೆ ಬಿಗಿದೆ. ಅವನು ಬಚ್ಚಲಲ್ಲಿದ್ದ, ಬೇಗ ಬೇಗ ಮಾಡಿದೆ.

"ನಾಳೆ ಎಲ್ಲಿಗೆ ಅಷ್ಟು ಸಾಮಾನು?" ಅಂದ.

"ಬೆನೀಟಾ ಸ್ಪರ್ಧೆಗೆ ನಿಲ್ತಿದ್ದಾಳೆ. ಕೈ ಜೋಡಿಸ್ತೀನಿ."

"ಅವಳಿಗಾ? ಕಾಳು ಆರಿಸಿ ಕೊಡ್ತೀಯಾ?"

ನಕ್ಕ, ಬಿದ್ದ ಮೇಲೆ ಮೊದಲ ಸಲ. ನಗಲಿ ನಗಲಿ.

ಸೆಪ್ಟೆಂಬರ್ 21, ಶನಿವಾರ, ಬೆಳಿಗ್ಗೆ 10

ಮೈದಾನ. ಗಾಳಿ, ಧೂಳು, ಹೊಗೆ. ಜಡ್ಜ್‌ಗಳನ್ನು ಹಾಲ್ ಒಳಗೆ ಕೂರಿಸಿ ಬಾಗಿಲು ಹಾಕಿದ್ದಾರೆ, ಆಚೆ ಬರುವ ಹಾಗಿಲ್ಲ. ಬದುಕಿದೆ. ಪಕ್ಕದ ಒಲೆಯವನು ನನ್ನ ಇಡೀ ಕಾಯಿಗಳನ್ನು ನೋಡಿ ಮೂಗು ಮುರಿದ. ಅವನ ಪೊಟ್ಟಣಗಳು ಸಾಲಾಗಿ ನಿಂತಿವೆ. ನನ್ನ ಕಾಯಿ ನೆನೆಯುತ್ತಿದೆ.

1.30

ಮಗ್ಗಿನದ್ದು ಪೂರ್ತಿ ಸುರಿದೆ. ತಳ ತಟ್ಟಿ ಸುರಿದೆ, ಒಂದು ಚಿಟಿಕೆಯೂ ಉಳಿಸಲಿಲ್ಲ. ಇನ್ನು ಅರ್ಧ ಗಂಟೆ. ಬಣ್ಣ ಬಂದಿದೆ. ಪರಿಮಳಕ್ಕೆ ಪಕ್ಕದವನು ಎರಡು ಸಲ ತಿರುಗಿ ನೋಡಿದ. ಬೆನೀಟಾ ಅವನಿಗೆ ನಾಲಿಗೆ ಚಾಚಿ ತೋರಿಸಿದಳು.

3.15

ಬಟ್ಟಲು ಕೊಟ್ಟಾಯಿತು. ನನ್ನ ಅರ್ಧ ಚೀಟಿ ಮುಷ್ಟಿಯಲ್ಲಿ ಬೆವೆತು ಮುದ್ದೆಯಾಗಿದೆ. ಬೆನೀಟಾ ಐಸ್ ಪೆಟ್ಟಿಗೆ ಮೇಲೆ ನಿಂತು ಹಾಲ್ ಕಿಟಕಿಯಲ್ಲಿ ಇಣುಕುತ್ತಿದ್ದಾಳೆ.

"ನಿನ್ನ ಗಂಡ ಒಂದು ಬಟ್ಟಲು ತಿಂದು ಹಾಗೇ ನಿಂತ್ಬಿಟ್ಟಿದ್ದಾನೆ."

"ಯಾವ ಬಟ್ಟಲು?"

"ನಂಗೇನು ಗೊತ್ತು, ಎಲ್ಲಾ ಬಿಳೀನೇ. ಕಣ್ಣು ಮುಚ್ಕೊಂಡಿದ್ದಾನೆ. ಕೆನ್ನೆ ಹಿಡ್ಕೊಂಡಿದ್ದಾನೆ."

"ಇಷ್ಟ ಆಯ್ತಾ?"

"ಯಾರೋ ಹೊಡೆದ ಹಾಗೆ ಮುಖ ಮಾಡಿದ್ದಾನೆ... ತಾಳು ತಾಳು. ಅದೇ ಬಟ್ಟಲಿಂದ ಇನ್ನೊಂದು ಚಮಚ ತೊಗೊಂಡ."

ನನ್ನದೋ ಯಾರದೋ. ದೇವರೇ.

ಸಂಜೆ

ಮೊದಲನೇ ಬಹುಮಾನ. ನನಗೆ. ನಂಬರು ಕೂಗಿದಾಗ ಬೆನೀಟಾ ಕಿರುಚಿದಳು, ನಾನಲ್ಲ. ವೇದಿಕೆಗೆ ಹೇಗೆ ಹತ್ತಿದೆನೋ ನೆನಪಿಲ್ಲ. ನೆನಪಿರುವುದು ಲಿಯಾಂಡ್ರೊನ ಮುಖ. ಬಿಳಿಚಿಕೊಂಡಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತ. ಚಪ್ಪಾಳೆ ಇಲ್ಲ — ಸರಿ, ಒಂದು ಕೈ ಪ್ಲಾಸ್ಟರ್‌ನಲ್ಲಿದೆ. ಮಾತೂ ಇಲ್ಲ. ಮಾತಿಗೇನು ಪ್ಲಾಸ್ಟರ್ ಹಾಕಿದ್ದಾರಾ?

ಮನೆಯವರೆಗೂ ಟ್ರಕ್ಕಿನಲ್ಲಿ ಕಿಟಕಿ ಕಡೆ ಮುಖ. ಫಲಕ ನನ್ನ ತೊಡೆಯ ಮೇಲೆ. ನಾನು ಹಾಡು ಗುನುಗುತ್ತಾ ಓಡಿಸಿದೆ, ಬೇಕೆಂದೇ.

ಸೆಪ್ಟೆಂಬರ್ 22, ಭಾನುವಾರ

ಮಾತಿಲ್ಲ. ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ಮಗುವಿನ ಹಾಗೆ ತಿಂದ. ಹೆಂಡತಿ ಗೆದ್ದಿದ್ದು ಹೊಟ್ಟೆಗೆ ಹಿಡಿಸಲಿಲ್ಲ. ಉರಿದುಕೊಳ್ಳಲಿ. ಫಲಕವನ್ನು ಅವನ ಕುರ್ಚಿಯ ಎದುರಿಗೇ ಮೊಳೆ ಹೊಡೆದು ನೇತುಹಾಕಿದೆ.

ಆದರೂ... ಆ ಎರಡನೇ ಚಮಚ ಯಾವ ಬಟ್ಟಲಿನದು? ಕೇಳಲು ಬಾಯಿ ಬರುತ್ತಿಲ್ಲ. ಬೇರೆಯವರದು ಅಂದುಬಿಟ್ಟರೆ?

ಸೆಪ್ಟೆಂಬರ್ 24, ಮಂಗಳವಾರ

ಹೇಳದೆ ಕೇಳದೆ ಎಲ್ಲಿಗೋ ಹೋಗಿ ಬಂದ, ಒಂದೇ ಕೈಯಲ್ಲಿ ಟ್ರಕ್ ಓಡಿಸಿಕೊಂಡು. ಹಲ್ಲಿನ ಡಾಕ್ಟರ ಅಂಗಡಿ ಮುಂದೆ ಟ್ರಕ್ ನೋಡಿದೆ ಅಂತ ಬೆನೀಟಾ. ಕೇಳಿದೆ. "ಏನಿಲ್ಲ" ಅಂದ. ಕೆನ್ನೆ ಬನ್ನಿನ ಹಾಗೆ ಊದಿದೆ.

ಸೆಪ್ಟೆಂಬರ್ 25, ಬುಧವಾರ

ನಗು ತಡೆದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಸಂಜೆ ಊಟಕ್ಕೆ ಕಾಳು ಬಡಿಸಿದೆ. ಚಮಚದ ಬೆನ್ನಲ್ಲಿ ಒಂದೊಂದೇ ಕಾಳನ್ನು ಒತ್ತಿ ಒತ್ತಿ ನೋಡುತ್ತಿದ್ದ.

"ಏನು, ಹುಳ ಹುಡುಕ್ತಿದ್ದೀಯಾ?"

"ಬೆಂದಿದೆಯಾ ಅಂತ."

"ಈ ಮನೇಲಿ ಯಾವತ್ತಾದ್ರೂ ಬೇಯದ ಕಾಳು ತಿಂದಿದ್ದೀಯಾ ನೀನು?"

"ಈ ಮನೇಲಿ ಇಲ್ಲ." ಚಮಚ ಕೆಳಗಿಟ್ಟ. "ಶನಿವಾರ. ಹಾಲ್‌ನಲ್ಲಿ."

ಅರ್ಥವಾಗಲಿಲ್ಲ. ಆಮೇಲೆ ಕಣ್ಣು ತಾನಾಗಿ ಡಬ್ಬಿಯ ಕಡೆ ಹೋಯಿತು. ಡಬ್ಬಿಯಲ್ಲಿ ಮಗ್ಗು. ಶುಕ್ರವಾರ ಆ ಮಗ್ಗಿನ ತಳ ನೋಡದೆ, ಒರೆಸದೆ, ಜೀರಿಗೆ ತುಂಬಿದವಳು ನಾನು. ಕೈಲಿದ್ದ ರೊಟ್ಟಿ ಬಿತ್ತು. ಮಗ್ಗಿನ ವಿಷಯ, ಕಡೆಯ ಅರ್ಧ ಗಂಟೆಗೆ ಅದನ್ನು ಸುರಿದದ್ದು, ಎಲ್ಲ ಹೇಳಿಬಿಟ್ಟೆ.

"ಅರ್ಧ ಗಂಟೇಲಿ ಪಿಂಟೋ ಕಾಳು ಬೇಯುತ್ತೇನೇ ಮುದುಕಿ? ಕಲ್ಲು ಕಡಿದ ಹಾಗಾಯ್ತು. ದವಡೆ ಹಲ್ಲು ಎರಡು ಹೋಳು."

"ಉಗುಳಬೇಕಿತ್ತು."

"ಉಗುಳಿದ್ರೆ ಹಾರ್ಲನ್ ನೋಡ್ತಿದ್ದ. ಬಟ್ಟಲನ್ನ ಆಚೆ ಇಡ್ತಿದ್ದ. ನುಂಗ್ಬಿಟ್ಟೆ."

ಲಿಯಾಂಡ್ರೊ. ಕಾಳು ನುಂಗಿದ. ಬೆನೀಟಾಳ ಕಾಳನ್ನು ಮೆರವಣಿಗೆ ಮಾಡಿದವನು.

ನಗಬೇಕಿತ್ತು. ನಗು ಬರಲಿಲ್ಲ. ಒಂದೇ ಭಯ — ಹೆಂಡತಿಯದು ಅಂತ ಗೊತ್ತಾಗಿ ಕನಿಕರಪಟ್ಟನೇ? ಹಾಗಾಗಿದ್ದರೆ ಆ ಫಲಕ ಒಲೆಗೆ ಹಾಕಲಿಕ್ಕೆ ಸರಿ.

"ನಂದು ಅಂತ ಗೊತ್ತಿತ್ತಾ?"

"ಗೊತ್ತಿದ್ದಿದ್ರೆ ಎದ್ದು ಆಚೆ ಹೋಗ್ತಿದ್ದೆ. ಸ್ವಂತ ಹೆಂಡತಿ ಬಟ್ಟಲಿಗೆ ಅಂಕ ಹಾಕೋಕಾಗುತ್ತಾ? ನಂಬರು ಕೂಗಿದಾಗ ನೀನು ಎದ್ದು ಬಂದ್ಯಲ್ಲ, ಅಲ್ಲೀತನಕ ಗೊತ್ತೇ ಇರ್ಲಿಲ್ಲ."

"ಮತ್ತೆ ಯಾಕೆ ನುಂಗಿದೆ?"

ಕೆನ್ನೆ ಸವರಿಕೊಂಡ. ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದ.

"ಬಟ್ಟಲು ಆಚೆ ಹೋಗಿದ್ರೆ ಇನ್ನೊಂದು ಚಮಚ ಸಿಗ್ತಿರ್ಲಿಲ್ಲ."

ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಣಗಿದೆಯಾ ನೋಡುವ ನೆಪ. ತಂತಿಯ ಮೇಲೆ ಬಟ್ಟೆಯೇ ಇರಲಿಲ್ಲ. ಅಲ್ಲೇ ನಿಂತು ಮನಸಾರೆ ಅತ್ತೆ, ನಕ್ಕೆ. ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ. ಒಳಗೆ ಬಂದು ಕೇಳಿದೆ, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?

"ಬಾಯಿ ಬಿಟ್ರೆ ನೋಯ್ತಿತ್ತು."

ಸೆಪ್ಟೆಂಬರ್ 28, ಶನಿವಾರ, ಸಂಜೆ

ಒಲೆಯ ಪಕ್ಕ ನಿಂತೇ ಬರೆಯುತ್ತಿದ್ದೇನೆ. ಬಾಣಲೆಯಲ್ಲಿ ಆಂಚೋ. ಇವತ್ತು ಅದನ್ನೇ ಮಾಡು ಅಂತ ಅವನೇ ಕೇಳಿದ. ಎಡಗೈಯಲ್ಲಿ ತೊಟ್ಟು ಮುರಿದುಕೊಟ್ಟ, ಬೀಜವೆಲ್ಲ ನೆಲದ ಮೇಲೆ. ಪರವಾಗಿಲ್ಲ.

ಬೆಳಿಗ್ಗೆ ಇಬ್ಬರೂ ಹೋಗಿ ಹಾರ್ಲನ್‌ಗೆ ಎಲ್ಲ ಹೇಳಿ ಫಲಕ ವಾಪಸು ಕೊಟ್ಟೆವು. ಕಾನೂನು ಕಾನೂನೇ. ಫಲಕ ಎರಡನೆಯವನಿಗೆ, ಅದೇ ಮೂಗು ಮುರಿದವನಿಗೆ. ಅದೊಂದು ಸ್ವಲ್ಪ ಉರಿಯಿತು. ಲಿಯಾಂಡ್ರೊ ಇನ್ನು ಬದುಕಿರುವ ತನಕ ಜಡ್ಜ್ ಆಗುವ ಹಾಗಿಲ್ಲ. ಹಾರ್ಲನ್ ಗಂಭೀರವಾಗಿ ಹೇಳಲು ಶುರುಮಾಡಿದ, ಮುಗಿಸಲಾಗದೆ ಮೇಜಿನ ಮೇಲೆ ತಲೆ ಇಟ್ಟು ನಕ್ಕ. ಗೋಡೆಯ ಮೊಳೆ ಹಾಗೇ ಇದೆ. ಅಮ್ಮನ ಮಗ್ಗು ತೂಗುಹಾಕಿದ್ದೇನೆ.

ಇನ್ನೊಂದು ಕೆಲಸ ಬಾಕಿ ಇತ್ತು. "ಚಿಲಿ ಬೇಕಾದ್ರೆ ಮೊದ್ಲು ಬೆನೀಟಾ ಹತ್ರ ಹೋಗು. ಕಾಳು ನುಂಗಿದ್ದು ನೀನೇ ಹೇಳ್ಬೇಕು, ನಿನ್ನ ಬಾಯಿಂದ" ಅಂದೆ. ಗೊಣಗಿದ. ಹಲ್ಲು ನೋವು ಅಂದ. ಕೊನೆಗೆ ಟೋಪಿ ಹಾಕಿಕೊಂಡು ರಸ್ತೆ ದಾಟಿದ. ಕಿಟಕಿಯಿಂದ ಕಾಣುತ್ತಿದೆ — ಲಾಂಡ್ರಿ ಬಾಗಿಲಲ್ಲಿ ನಿಂತಿದ್ದಾನೆ. ಟೋಪಿ ತೆಗೆದ. ಏನೋ ಹೇಳುತ್ತಿದ್ದಾನೆ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದಾಳೆ. ಬಾಯಿ ತೆರೆದು ತನ್ನ ಹಲ್ಲು ತೋರಿಸಿದ.

ನಗು. ಬೆನೀಟಾಳದು. ಇಲ್ಲಿಗೇ ಕೇಳಿಸುತ್ತಿದೆ, ನಿಲ್ಲುತ್ತಲೇ ಇಲ್ಲ, ಬಾಗಿಲು ಹಿಡಿದುಕೊಂಡು ಬಗ್ಗಿಬಿಟ್ಟಳು, ಈಗ ಅವನೂ ನಗುತ್ತಿದ್ದಾನೆ, ಕೆನ್ನೆ ಒತ್ತಿಕೊಂಡು, ಇಬ್ಬರೂ ಈ ಕಡೆಗೇ ಬರುತ್ತಿ... ಘಾಟು. ಬಾಣಲೆ —