ಮತ್ತೆ ನೀರಿಗಿಳಿದೆ

ಮಾರ್ಚ್ 9, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ನಿನ್ನವರು, ಮಗಳು ಎಲ್ಲ ಆರಾಮ ತಾನೇ? ನಿನ್ನ ಪತ್ರಗಳಿಗೆ ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದಾದರೆ ಬೈದುಬಿಡು. ಕೀಮೋ ಮುಗಿದರೂ ಬೆರಳ ತುದಿಯ ಜೋಮು ಹೋಗಿಲ್ಲ. ಪೆನ್ನು ಹಿಡಿದರೆ ಯಾರದೋ ಕೈಯಲ್ಲಿ ಬರೆದ ಹಾಗಿರುತ್ತದೆ. ನಿನ್ನ ಭಾವ, "ನೀನು ಹೇಳು, ನಾನು ಬರೀತೀನಿ" ಅಂದರು. ಅವರ ಕೈಯಲ್ಲಿ ಬರೆಸಿದರೆ ಅವರ ಮೇಲೆ ಚಾಡಿ ಹೇಳುವುದು ಹೇಗೆ? ಈ ಕೋಳಿಕಾಲಿನ ಅಕ್ಷರವನ್ನೇ ಸಹಿಸಿಕೋ.

ಮೊದಲು ಒಳ್ಳೆಯ ಸುದ್ದಿ. ಕಳೆದ ವಾರ ಸ್ಕ್ಯಾನು, ರಕ್ತಪರೀಕ್ಷೆ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು ಎಲ್ಲ ಆಯಿತು. "ಸದ್ಯಕ್ಕೆ ಎಲ್ಲೂ ಕ್ಯಾನ್ಸರಿನ ಸುಳಿವಿಲ್ಲ. ಹಾಗಂತ ನನ್ನನ್ನ ಮರೆತುಬಿಡಬೇಡಿ" ಅಂದರು ಡಾಕ್ಟರಮ್ಮ. "ನನ್ನ ಹೊಟ್ಟೇಲಿ ನನಗಿಂತ ಜಾಸ್ತಿ ಓಡಾಡಿದೋರು ನೀವು, ಮರೆಯೋಕಾಗತ್ತಾ?" ಅಂದೆ. ನಕ್ಕುಬಿಟ್ಟರು. ಹೊಟ್ಟೆಯ ಎಡಕ್ಕೆ ಅಂಟಿಸಿದ ಚೀಲ ಮಾತ್ರ ಇದ್ದಷ್ಟು ಕಾಲವೂ ಇರುತ್ತದೆ. ಮಲವೆಲ್ಲ ಇನ್ನು ಅದರೊಳಗೇ. ಬರೆಯಲು ನನಗೆ ನಾಚಿಕೆಯಿಲ್ಲ. ಓದಲು ನಿನಗಾದರೆ ಈ ಸಾಲು ಹಾರಿಸು.

ದಿನಾ ನಡೆಯಬೇಕು, ತರಕಾರಿ ಕಾಳು ಹೆಚ್ಚು ತಿನ್ನಬೇಕು, ಮೈಭಾರ ಏರಬಾರದು ಎಂದಿದ್ದಾರೆ. ನಿನ್ನ ಭಾವ ತಟ್ಟೆಗೆ ಸೊಪ್ಪು ಸುರಿಯುವುದನ್ನು ನೋಡಿದರೆ, ಹೆಂಡತಿಯನ್ನು ಸಾಕುತ್ತಿದ್ದಾರೋ ದನ ಮೇಯಿಸುತ್ತಿದ್ದಾರೋ ತಿಳಿಯದು. ಪಾಪ, ನನಗೋಸ್ಕರ ಅವರು ಸಿಗರೇಟನ್ನೂ ಬಿಟ್ಟರು. ಕಾಯಿಲೆ ನನ್ನದು, ಪಥ್ಯ ಮನೆಗೆಲ್ಲ.

ಈಗ ನಿನಗೆ ಹೇಳಲೇಬೇಕಾದ ಸಂಗತಿ. ಎರಡು ತಿಂಗಳ ಹಿಂದೆ, ಈಜಬಹುದು ಎಂದು ಡಾಕ್ಟರಮ್ಮ ಅಂದದ್ದೇ ತಡ, ಮೊದಲಿನ ಹಾಗೆ ಮಕ್ಕಳಿಗೆ ಈಜು ಕಲಿಸಲು ಈಜುಕೊಳಕ್ಕೆ ಹೋಗಿ ನಿಂತೆ. ಮ್ಯಾನೇಜರು, "ಮೇಡಂ, ಟಿಕೆಟ್ ಕೌಂಟರಲ್ಲಿ ಆರಾಮಾಗಿ ಕೂತ್ಕೊಳ್ಳಿ. ನೀರಿನ ಸಹವಾಸ ಯಾಕೆ?" ಅಂದರು. "ಮೀನಿಗೆ ಹೇಳೋ ಮಾತಾ ಸಾರ್ ಇದು?" ಎಂದು ಸೀಟಿ ಕೊರಳಿಗೆ ಹಾಕಿಕೊಂಡೆ.

ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬ ಹುಡುಗಿಯ ತಾಯಿ ನನ್ನ ಚೀಲ ನೋಡಿದಳು. ನನ್ನನ್ನು ಒಂದು ಮಾತೂ ಕೇಳದೆ ನೇರ ಮ್ಯಾನೇಜರ ಬಳಿ ಹೋದಳು. "ಅದು ಸೋರಿದ್ರೆ? ನಮ್ಮ ಮಕ್ಕಳು ಅದೇ ನೀರಲ್ಲಿ ಮುಳುಗೇಳ್ತಾವೆ!" ಅಂದಳಂತೆ. ಮ್ಯಾನೇಜರು ನನ್ನನ್ನು ಕರೆದು, ನೆಲ ನೋಡುತ್ತಾ, "ಯಾರೂ ಇಲ್ಲದಾಗ ಈಜಿ ಮೇಡಂ. ದಡದ ಮೇಲೆ ನಿಂತೇ ಕಲಿಸಿ" ಅಂದರು.

ಮೈಯೆಲ್ಲ ಉರಿದುಹೋಯಿತು ಕಣೇ. ಮಾರನೇ ದಿನ ಏನು ಮಾಡಿದೆ ಗೊತ್ತಾ? ಹೊಟ್ಟೆ ಕಾಣುವ ಎರಡು ತುಂಡಿನ ಈಜುಡುಪು ಕೊಂಡು ತಂದೆ. ಈ ವಯಸ್ಸಿನಲ್ಲಿ! ಅದನ್ನೇ ಹಾಕಿಕೊಂಡು ಅಪ್ಪ ಅಮ್ಮಂದಿರು ಕೂತಿದ್ದ ಬೆಂಚುಗಳ ಮುಂದೆ ನಿಂತೆ. ದನಿ ಎತ್ತರಿಸಿ ಹೇಳಿದೆ:

"ಎಲ್ಲರೂ ಸರಿಯಾಗಿ ನೋಡ್ಕೊಳ್ಳಿ. ಈ ಚೀಲ ಭದ್ರವಾಗಿ ಅಂಟಿದೆ. ಇದನ್ನ ಹಾಕ್ಕೊಂಡು ಈಜಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ನನ್ನ ಕಾಯಿಲೆ ಯಾರಿಗೂ ಅಂಟಲ್ಲ. ಆಪರೇಷನ್ ಆಗದೇ ಇದ್ದಿದ್ರೆ ನಾನಿವತ್ತು ಇಲ್ಲಿ ನಿಂತಿರ್ತಿರಲಿಲ್ಲ. ಏನಾದ್ರೂ ಕೇಳೋದಿದ್ರೆ ನನ್ನನ್ನೇ ಕೇಳಿ."

ನೀರಿನಲ್ಲಿದ್ದ ಒಂದು ಚೋಟುದ್ದದ ಹುಡುಗಿ ಕೈಯೆತ್ತಿದಳು. "ಮಿಸ್, ಅದರೊಳಗೆ ಏನಿದೆ?"

"ಕಕ್ಕ" ಅಂದೆ.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ನನಗೂ ನಗು ತಡೆಯಲಾಗಲಿಲ್ಲ. ಹಾಗೇ ಧುಮುಕಿ ಆ ತುದಿ ಮುಟ್ಟಿ ಬಂದೆ. ಮೊದಲಿನ ಕಸುವಿಲ್ಲ, ಏದುಸಿರು ಬಂತು. ಬರಲಿ. ದೂರು ಕೊಟ್ಟ ತಾಯಿ ಮಗಳ ಕೈಹಿಡಿದು ಎಳೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಇನ್ನೂ ಒಂದಿಬ್ಬರು ತಮ್ಮ ಮಕ್ಕಳಿಗೆ ಕ್ಲಾಸು ಬಿಡಿಸಿದರು. ಉಳಿದವರು ಬರುತ್ತಿದ್ದಾರೆ. ಮ್ಯಾನೇಜರ ಮುಖದ ಗಂಟು ಸಡಿಲವಾಗಿಲ್ಲ, ಆದರೆ ನನ್ನನ್ನು ನೀರಿನಿಂದ ಎಬ್ಬಿಸುವ ಧೈರ್ಯವೂ ಅವರಿಗಿಲ್ಲ.

ನನಗೇನು ಹೆದರಿಕೆಯಿಲ್ಲವೇ? ಹೊಟ್ಟೆಯಲ್ಲಿ ಒಂಚೂರು ಚುಳುಕ್ ಎಂದರೂ ಎದೆ ಡವಗುಟ್ಟುತ್ತದೆ. ಪ್ರತಿ ಪರೀಕ್ಷೆಯ ಮುಂಚೆ ಊಟ ಸೇರುವುದಿಲ್ಲ. ಅದು ಮತ್ತೆ ಬಂದರೆ ಬರಲಿ, ಆಗ ನೋಡಿಕೊಳ್ಳುತ್ತೇನೆ. ಅದು ಬರುವವರೆಗೂ ಕೌಂಟರಿನಲ್ಲಿ ಕೂತು ಕಾಯುವವಳು ನಾನಲ್ಲ.

ಒಂದು ಅಪ್ಪಣೆ. ಒಡಹುಟ್ಟಿದವಳಾದ್ದರಿಂದ ನೀನೂ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನಬೇಡ. ನಾನೂ ಹಾಗೇ ಅನ್ನುತ್ತಿದ್ದೆ. ಈ ತಿಂಗಳೇ ಹೋಗು.

ನೀನು ತಲೆ ನೆರೆತು, ಹಲ್ಲುದುರಿ, ಮೊಮ್ಮಕ್ಕಳ ಕೈಯಲ್ಲಿ ಬೈಸಿಕೊಳ್ಳುವಷ್ಟು ಕಾಲ ಬಾಳು. ಮಗಳಿಗೆ ದೊಡ್ಡಮ್ಮನ ಮುತ್ತುಗಳು. ನಿನ್ನವರಿಗೆ ನನ್ನ ಆಶೀರ್ವಾದ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ಹೋದ ಸಲ ನಿನ್ನ ಮನೆಯಿಂದ ಹೊರಟವಳು, ಛತ್ರಿ ಮರೆತೆನೆಂದು ಮೆಟ್ಟಿಲಿಂದಲೇ ವಾಪಸ್ ಬಂದೆ. ಬಾಗಿಲು ತೆರೆದೇ ಇತ್ತು. ನಾನು ಚಹಾ ಕುಡಿದ ಕಪ್ಪನ್ನು ನೀನು ಎರಡೇ ಬೆರಳಿನಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕುತ್ತಿದ್ದೆ. "ಅದು ಒಡೆದಿಲ್ಲವಲ್ಲಮ್ಮಾ" ಅಂದಳು ನಿನ್ನ ಮಗಳು. "ನೀನು ಸುಮ್ನಿರು" ಅಂದೆ ನೀನು. ಛತ್ರಿ ಅಲ್ಲೇ ಬಿಟ್ಟು, ದಾರಿಯುದ್ದಕ್ಕೂ ಮಳೆಯಲ್ಲಿ ನೆನೆದುಕೊಂಡು ಬಂದೆ. ಅಷ್ಟು ಜನರೆದುರು ಹೊಟ್ಟೆ ಬಿಚ್ಚಿ ನಿಂತವಳಿಗೆ ನಿನ್ನೊಬ್ಬಳ ಮುಂದೆ ಬಾಯಿ ಬರಲಿಲ್ಲ, ಗುಬ್ಬಿ. ಬರುವ ತಿಂಗಳು ಬರುತ್ತೇನೆ. ನೀವು ಕುಡಿಯುವ ಕಪ್ಪಿನಲ್ಲೇ ನನಗೂ ಚಹಾ ಕೊಡು. ನಾನು ಹೊರಟ ಮೇಲೆ ಅದನ್ನು ತೊಳೆದು ನಿಮ್ಮ ಕಪ್ಪುಗಳ ಜೊತೆಗೇ ಇಡು. ನಿನ್ನ ಮಗಳು ನೋಡುವ ಹಾಗೆ ಇಡು.