ನಿಮ್ಮ ಈಜುಕೊಳಕ್ಕೆ ಹೋದ ನನ್ನ ಮೂರು ಗಂಟೆ

ನೀರು ಸರಬರಾಜು ಕಚೇರಿಯ ಮುಖ್ಯ ಅಧಿಕಾರಿಗಳೇ,

'ಮಾನ್ಯರೇ' ಎಂದು ಬರೆದು ಹೊಡೆದುಹಾಕಿದ್ದೇನೆ. ಕಳೆದ ಗುರುವಾರ ನನ್ನ ಮೂರು ಗಂಟೆಯನ್ನು ಕಿತ್ತುಕೊಂಡಿರಿ. ಅದನ್ನು ಯಾವುದಕ್ಕೆ ಬಳಸಿಕೊಂಡಿರಿ ಎಂಬುದು ನನಗೆ ಗೊತ್ತಾಗಿದೆ. ಊರಿಗೂ ಗೊತ್ತಾಗಲಿ ಎಂದೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನನ್ನ ಪರಿಚಯ ನಿಮಗಿರಲಿಕ್ಕಿಲ್ಲ. ಹತ್ತೊಂಬತ್ತು ವರ್ಷದಿಂದ ಪಂಪ್‌ಹೌಸಿನ ಬೆಳಗಿನ ಪಾಳಿ ನನ್ನದು. ಎರಡು ಮೋಟರು, ಐದು ವಾಲ್ವು, ಗೋಡೆಗೊಂದು ಫೋನು, ಮೇಜಿನ ಮೇಲೊಂದು ಲಾಗ್‌ಬುಕ್ಕು. ಜೊತೆಯವರು ನನ್ನನ್ನು ಪಂಪಕ್ಕ ಎನ್ನುತ್ತಾರೆ. ಹೋದ ತಿಂಗಳು ರಜೆಯಲ್ಲಿದ್ದವರನ್ನೂ ಬಿಡದೆ ಕರೆಸಿ 'ಕೆಲಸ ಮತ್ತು ಬದುಕಿನ ಸಮತೋಲನ' ಕುರಿತು ಎರಡೂವರೆ ಗಂಟೆ ಭಾಷಣ ಬಿಗಿದಿರಲ್ಲ, ಅವತ್ತು ಎರಡನೇ ಸಾಲಿನಲ್ಲಿ ಆಕಳಿಸುತ್ತಿದ್ದವಳು ನಾನೇ. "ಮನೆಯವರಿಗೆ ಸಮಯ ಕೊಡಿ" ಎಂದಿರಿ. ಆಹಾ, ಎಂಥ ಮಾತು! ಕೊಡೋಣವೆಂದರೆ ಆ ಸಮಯ ಯಾರ ಕೈಯಲ್ಲಿತ್ತು ಸ್ವಾಮಿ? ಅಂದು ಹಂಚಿದ ತಕ್ಕಡಿಯ ಚಿತ್ರವನ್ನು, ಬದಲಿ ಕೆಲಸಗಾರನ ಹೆಸರು ಬರೆಯುತ್ತಿದ್ದ ಹಲಗೆಯ ಮೇಲೆ ಅಂಟಿಸಿದ್ದೇವೆ. ಆ ಹುದ್ದೆಯನ್ನು ನೀವು ರದ್ದು ಮಾಡಿದ ಮೇಲೆ ಹಲಗೆ ಹೇಗೂ ಖಾಲಿಯಿತ್ತು.

ನನ್ನ ಅಮ್ಮನಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, ಎರಡು ವರ್ಷದಿಂದ ನನ್ನ ಮುಖವನ್ನು ಕೈಯಲ್ಲಿ ತಡವಿ ನೋಡುತ್ತಿದ್ದಳು. ಆಪರೇಷನ್ನಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಪಟ್ಟಿ ಬಿಚ್ಚುವಾಗ ನೀನೇ ಎದುರಿಗೆ ಕೂತಿರ್ಬೇಕು. ಮೊದಲು ನಿನ್ನ ಮುಖಾನೇ ನೋಡ್ಬೇಕು ನಾನು."

"ಕೂತಿರ್ತೀನಮ್ಮಾ, ನಿನ್ನಾಣೆ" ಎಂದೆ. ಇಪ್ಪತ್ತು ದಿನ ಮೊದಲೇ ರಜೆ ಕೇಳಿದೆ. ಅರ್ಜಿ ನಿಮ್ಮ ಕೈಬರಹ ಹೊತ್ತು ವಾಪಸು ಬಂತು: "ಬದಲಿ ಇಲ್ಲ. ಆದ್ಯತೆಗಳನ್ನು ನಿಭಾಯಿಸಲು ಕಲಿಯಿರಿ." ಆಯಿತು, ಕಲಿತೆ. ಡಾಕ್ಟರ ಕೈಕಾಲು ಹಿಡಿದು ಪಟ್ಟಿ ಬಿಚ್ಚುವುದನ್ನು ಮಧ್ಯಾಹ್ನ ಮೂರಕ್ಕೆ ಹಾಕಿಸಿಕೊಂಡೆ. ಎರಡಕ್ಕೆ ಪಾಳಿ ಮುಗಿದರೆ ಎರಡೂವರೆಗೆ ಆಸ್ಪತ್ರೆ ಸೇರಬಹುದಿತ್ತು.

ಒಂದು ಐವತ್ತಕ್ಕೆ ಫೋನು ಬಡಿದುಕೊಂಡಿತು. ನೀವೇ. "ಮೂರನೇ ವಾಲ್ವ್ ಮುಚ್ಚಿ, ಒಂದನೇದು ಪೂರ್ತಿ ಬಿಡಿ. ತುರ್ತು. ನಾನು ಹೇಳೋವರೆಗೂ ನೀವು ಕದಲಬಾರದು. ಬೇರೆಯವರ ಕೈಗೆ ಕೊಟ್ಟು ಹೋದ್ರೆ ಇಬ್ಬರನ್ನೂ ಅಮಾನತು ಮಾಡ್ತೀನಿ."

"ಸಾರ್, ನಮ್ಮಮ್ಮನ ಕಣ್ಣಿನ ಪಟ್ಟಿ..."

"ಎಲ್ಲರ ಮನೇಲೂ ಅಮ್ಮ ಇರ್ತಾರೆ ಕಣಮ್ಮ" ಎಂದು ಫೋನು ಕುಕ್ಕಿದಿರಿ.

ಮುಂದಿನ ಪಾಳಿಯ ಮೀಸೆಯಣ್ಣ ಬಂದವನು, "ಹೋಗಕ್ಕ, ಆಗಿದ್ದಾಗ್ಲಿ, ನಾನು ನೋಡ್ಕೋತೀನಿ" ಎಂದ. ಅವನಿಗೆ ಮೂವರು ಚಿಕ್ಕ ಮಕ್ಕಳು. ಅವನ ಕೈಗೆ ಕೊಡದೆ ಅಲ್ಲೇ ಕೂತೆ. ಎಲ್ಲೋ ಬೆಂಕಿ ಬಿದ್ದಿರಬೇಕು, ಯಾರದೋ ಜೀವ ಉಳಿಯುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಎಂಥ ದಡ್ಡಿ ನಾನು! ನಾಲ್ಕು ಐವತ್ತಕ್ಕೆ ನಿಮ್ಮ ಮನೆಯ ಮಾಲಿ ಫೋನು ಮಾಡಿದ. "ಅಕ್ಕಾ, ಈಜುಕೊಳ ತುಂಬ್ತು, ನಿಲ್ಲಿಸ್ಬೇಕಂತೆ. ಸಾಹೇಬ್ರು ಮಗೂಗೆ ಈಜು ಕಲಿಸ್ತಿದ್ದಾರೆ, ಕೈ ಒದ್ದೆ, ಅದಕ್ಕೇ ನಾನು ಮಾಡ್ದೆ."

ಆ ಮಧ್ಯಾಹ್ನ ನೀವು ಅರ್ಧ ದಿನ ರಜೆ ಹಾಕಿದ್ದಿರಿ. ಕಾರಣ, 'ಕುಟುಂಬದೊಂದಿಗೆ ಸಮಯ ಕಳೆಯಲು'. ನಿಮ್ಮ ತಕ್ಕಡಿ ಸರಿತೂಗಲು ನನ್ನ ಅಮ್ಮನನ್ನು ಎತ್ತಿ ಹೊರಗೆ ಹಾಕಬೇಕಿತ್ತೇ?

ನಾನು ಓಡಿ ಆಸ್ಪತ್ರೆ ಸೇರುವಾಗ ಐದೂವರೆ. ಪಟ್ಟಿ ಬಿಚ್ಚಿದ ಮೇಲೂ "ತಡೀರಿ, ಬರ್ತಾಳೆ" ಎಂದು ಅಮ್ಮ ಇಪ್ಪತ್ತು ನಿಮಿಷ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕೂತಿದ್ದಳಂತೆ. ಹೊರಗೆ ಸಾಲು ಬೆಳೆದಿತ್ತು, ಡಾಕ್ಟರು ಎಷ್ಟು ಹೊತ್ತು ಕಾದಾರು? ಅಮ್ಮ ನನ್ನನ್ನು ಕಂಡು ನಕ್ಕಳು. "ಮೊದಲು ಕಂಡಿದ್ದು ನೀನು ಕೂರ್ಬೇಕಾಗಿದ್ದ ಕುರ್ಚಿ ಕಣೇ. ಕುರ್ಚಿ ಚೆನ್ನಾಗೇ ಇತ್ತು ಬಿಡು." ಆಮೇಲೆ ನನ್ನ ತಲೆ ಸವರಿ, "ಕೂದಲೆಲ್ಲ ಯಾವಾಗ ಬೆಳ್ಳಗಾಯ್ತೇ?" ಎಂದಳು. ನನ್ನ ಹೊಟ್ಟೆ ಉರಿದುಹೋಯಿತು. ಇಂದಿಗೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ.

ಈಗ ನಿಮ್ಮದೇ ಸುತ್ತೋಲೆಯನ್ನು ನೆನಪಿಸುತ್ತೇನೆ. ಚಹಾಕ್ಕೆ ಎದ್ದುಹೋಗುವ ನಮ್ಮಂಥವರನ್ನು ಹಿಡಿಯಲು ಎರಡು ವರ್ಷದ ಹಿಂದೆ ಹೊರಡಿಸಿದ್ದು: 'ಬಾಯಿಮಾತಿನ ಪ್ರತಿಯೊಂದು ಆದೇಶವನ್ನೂ, ಕೊಟ್ಟವರ ಹುದ್ದೆ, ಗಂಟೆ, ನಿಮಿಷ ಮತ್ತು ಕಾರಣ ಸಹಿತ ಲಾಗ್‌ಬುಕ್ಕಿನಲ್ಲಿ ದಾಖಲಿಸತಕ್ಕದ್ದು. ಅಳಿಸಕೂಡದು. ಆದೇಶ ಕೊಟ್ಟವರು ಖುದ್ದಾಗಿ ಬಂದು ಸಹಿ ಹಾಕತಕ್ಕದ್ದು.' ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಒಂದು ಐವತ್ತಕ್ಕೆ ನಿಮ್ಮ ಮಾತು, ನಾಲ್ಕು ಐವತ್ತಕ್ಕೆ ಮಾಲಿಯ ಮಾತು, ಎರಡೂ ಪದಕ್ಕೆ ಪದ ಇವೆ. ಕಾರಣದ ಜಾಗದಲ್ಲಿ 'ಈಜುಕೊಳ' ಎಂದು ದುಂಡಗೆ ಬರೆದಿದ್ದೇನೆ. ಅಂದು ನಲ್ಲಿ ಒಣಗಿ ನನಗೆ ಶಾಪ ಹಾಕಿದ ಮೂರನೇ ವಾಲ್ವಿನ ಆರು ಬೀದಿಯವರೇ, ಆ ಪುಟದ ಪ್ರತಿ ಈ ಪತ್ರದ ಪಕ್ಕದಲ್ಲೇ ಅಚ್ಚಾಗಿದೆ, ಓದಿಕೊಳ್ಳಿ. ಖಾಲಿ ಬಕೆಟು ಹಿಡಿದು ಎಲ್ಲಿಗೆ ಹೋಗಬೇಕೆಂದು ನಾನು ಹೇಳಿಕೊಡಬೇಕಾಗಿಲ್ಲ.

ಅಧಿಕಾರಿಗಳೇ, ಬದಲಿ ಹುದ್ದೆಯನ್ನು ಮತ್ತೆ ತುಂಬಿ. ಅದಕ್ಕೂ ಮೊದಲು, ಬರುವ ಗುರುವಾರ ಒಂದು ಐವತ್ತಕ್ಕೆ ಪಂಪ್‌ಹೌಸಿಗೆ ಬನ್ನಿ. ಆ ಪುಟವನ್ನು ಗಟ್ಟಿಯಾಗಿ ಓದಿ, ಕೆಳಗೆ ಸಹಿ ಹಾಕಿ. ಎದುರಿನ ಕುರ್ಚಿಯಲ್ಲಿ ನನ್ನ ಅಮ್ಮ ಕೂತಿರುತ್ತಾಳೆ. ಅವಳಿಗೆ ಈಗ ಚೆನ್ನಾಗಿ ಕಾಣುತ್ತದೆ. ನಿಮ್ಮ ಮುಖ ನೋಡಬೇಕಂತೆ.

ಇಂತಿ,
ಆದ್ಯತೆಗಳನ್ನು ನಿಭಾಯಿಸಲು ತಡವಾಗಿ ಕಲಿತ,
ಬೆಳಗಿನ ಪಾಳಿಯ ಪಂಪಕ್ಕ