‘ಸೂನ್’ ಮತ್ತು ಮುಖ್ಯ ಅತಿಥಿಗಳು

ಮಾರ್ಚ್ 4
ಎರಡು ಕ್ಲಾಸಿನ ನಡುವೆ ಮತ್ತೆ ಫೋನ್ ಮಾಡಿದೆ. ನನ್ನ ಪಿಎಚ್‌ಡಿ ಮಾರ್ಗದರ್ಶಕರಿಗೆ, ವಿಷ್ಣುಪ್ರಸಾದ್ ಸರ್‌ಗೆ. ಮಾರ್ಗವೂ ಇಲ್ಲ, ದರ್ಶನವೂ ಇಲ್ಲ. ಪ್ರಬಂಧ ದೀಪಾವಳಿಯಿಂದ ಅವರ ಮೇಜಿನ ಮೇಲೆ ಕೂತಿದೆ. ಈ ತಿಂಗಳೊಳಗೆ ಸಹಿ ಬೀಳದಿದ್ದರೆ ರಿಜಿಸ್ಟ್ರೇಷನ್ ರದ್ದು. ಇಷ್ಟು ವರ್ಷದ ದುಡಿಮೆ ಗೋವಿಂದ.
“ಸೂನ್ ಕಣಮ್ಮಾ, ಸೂನ್.”
ಕೇಳಿದ್ದು ಸಹಿ, ಸಿಕ್ಕಿದ್ದು ಸಿಹಿ. ಪ್ರಬಂಧದ ವಿಷಯವೇ ಆ ‘ಸೂನ್’!

ಮಾರ್ಚ್ 5
ನನ್ನ ಪ್ರಬಂಧದ ಮೂರನೇ ಅಧ್ಯಾಯ ತಿರುವಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಸೂನ್’ ಅಂದರೆ ಈ ಕ್ಷಣವೇ. ‘ಅನಾನ್’, ‘ಪ್ರೆಸೆಂಟ್ಲಿ’... ಅವೂ ಮೊದಮೊದಲು ಹಾಗೇ. ‘ಈಗಲೇ’ ಎಂದು ಕೈಕೊಟ್ಟವರೆಲ್ಲ ಸೇರಿ ಅವನ್ನು ‘ಆಮೇಲೆ’ ಮಾಡಿದರು. “ಪದಗಳನ್ನು ಸವೆಸುವುದು ಕಾಲವಲ್ಲ, ಸೋಮಾರಿಗಳು.” ನನ್ನದೇ ವಾಕ್ಯ. ಬೆನ್ನು ತಟ್ಟಿಕೊಂಡೆ.

ಮಾರ್ಚ್ 13
ಮಡಿಕೇರಿಯ ನಮ್ಮ ಕಾಲೇಜಿನ ಇಂಗ್ಲಿಷ್ ಸಂಘಕ್ಕೆ ಮುಖ್ಯ ಅತಿಥಿ — ವಿಷ್ಣುಪ್ರಸಾದ್ ಸರ್ ಅವರೇ! ಪರಿಚಯ ಮಾಡಿಕೊಡುವವಳು ನಾನು.
“ಐದು ನಿಮಿಷ ಸಾಕು ಮಾಳವಿಕಾ,” ಎಂದರು ಪ್ರಿನ್ಸಿಪಾಲ್.
ಸಾಕೇ? ಕಾಯುವುದೆಂದರೇನೆಂದು ಸರ್‌ಗೂ ಗೊತ್ತಾಗಲಿ.

ಮಾರ್ಚ್ 18, ಸಂಜೆ
ಅಬ್ಬಾ!
ಪರಿಚಯದ ಹೆಸರಿನಲ್ಲಿ ‘ಸೂನ್’ ಪದದ ಚರಿತ್ರೆ ಪೂರ್ತಿ ಹೇಳಿದೆ. ನಡುನಡುವೆ, “ಸರ್ ಸೂನ್ ಮಾತಾಡ್ತಾರೆ.” ಪ್ರತಿ ಸಲ ಶಾಲು ಸರಿಮಾಡಿಕೊಂಡು ಅರ್ಧ ಎದ್ದರು, ನಾನು ಮುಂದುವರಿಸಿದೊಡನೆ ಕೂತರು. ಹುಡುಗರಿಗೆ ನಗು. ಇನ್ನೇನು ಊಟದ ಬೆಲ್ ಎನ್ನುವಾಗ ಮೈಕ್ ಬಿಟ್ಟೆ.
ಸರ್ ಕೆಮ್ಮಿ, ಭಾಷಣದ ಹಾಳೆಗಳನ್ನು ಬಿಡಿಸಿದರು. “ನನ್ನ ಇತ್ತೀಚಿನ ಸಂಶೋಧನೆ... ‘ಸೂನ್’ ಅಂದ್ರೆ ಮೊದಲು ‘ಈ ಕ್ಷಣವೇ’ ಅಂತಿತ್ತು. ಪದಗಳನ್ನು ಸವೆಸುವುದು ಕಾಲವಲ್ಲ—”
“ಸೋಮಾರಿಗಳು!” ಹಿಂದಿನ ಬೆಂಚಿನಿಂದ ದೀಪಕ್. “ಸಾರ್, ಮೇಡಂ ಈಗ್ ತಾನೇ ಹೇಳಿದ್ರಲ್ಲ!”
ಸಭೆ ಗೊಳ್ಳೆಂದಿತು. ಸರ್ ಮುಂದಿನ ಹಾಳೆ ತಿರುವಿದರು, ಅದರ ಮುಂದಿನದು... ಪಕ್ಕದಿಂದ ಇಣುಕಿದೆ. ಎಲ್ಲ ನನ್ನ ಅಧ್ಯಾಯವೇ. “ಧನ್ಯವಾದ” ಎಂದು ಕೂತುಬಿಟ್ಟರು.
ಕಾಯಿಸಲು ಹೊರಟವಳು ಕಳ್ಳನನ್ನೇ ಹಿಡಿದಿದ್ದೆ! ಪ್ರಬಂಧ ಮೇಜಿನ ಮೇಲೆ ಸುಮ್ಮನೆ ಕೂತಿರಲಿಲ್ಲ. ದುಡಿಯುತ್ತಿತ್ತು — ಅವರಿಗಾಗಿ.

ಮಾರ್ಚ್ 19, ಬೆಳಿಗ್ಗೆ
ಅವರದೇ ಫೋನ್. ಮೊದಲ ಸಲ.
“ಸಹಿ ಹಾಕಿದೀನಮ್ಮಾ. ಕುಶಾಲನಗರದಿಂದ ನಾನೇ ಬಂದು ಕೊಡ್ತೀನಿ, ಸಂಜೆ. ನಿನ್ನೆ ವಿಷಯ ಪ್ರಿನ್ಸಿಪಾಲರ ಹತ್ರ ದೊಡ್ಡದು ಮಾಡ್ಬೇಡ.”
“ಖಂಡಿತ ಬನ್ನಿ ಸರ್, ಮನೆಗೆ.”
ಫೋನ್ ಇಟ್ಟವಳೇ ಪ್ರಿನ್ಸಿಪಾಲರನ್ನೂ ಕಾಫಿಗೆ ಕರೆದೆ. ಅದೇ ಹೊತ್ತಿಗೆ.

ಅದೇ ದಿನ, ಸಂಜೆ
ಬಾಗಿಲು ತಟ್ಟುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತದೆ — ಸರ್, ಕಂಕುಳಲ್ಲಿ ಪ್ರಬಂಧ. ಹಿಂದೆ ಗೇಟು ತೆಗೆಯುತ್ತಿದ್ದಾರೆ ಪ್ರಿನ್ಸಿಪಾಲ್. ಸಹಿಯ ಪುಟ ಮೊದಲು ನನ್ನ ಕೈಗೆ ಬರಲಿ. ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿ, ಮೂರನೇ ಅಧ್ಯಾಯ ತೆರೆದು—